1.8 ಲಕ್ಷ ಕಿ.ಮೀ. ದಾಟಿದ ಪೆಟ್ರೋಲ್ ಕಾರು: ಎಂಜಿನ್ ಕ್ಲೀನರ್ ಹಾಕಬೇಕಾ, ಬೇಡ್ವಾ?

ಕಾಳಿ ತೀರದವ, ಕಾರವಾರ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸಣ್ಣ ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಗಿರ್ಬೊ ಏನೂ ಇಲ್ಲ. ಮೀಟರ್ 1,83,000 ತೋರಿಸುತ್ತಿದೆ. ನಾನು ಎರಡನೇ ಮಾಲೀಕ. ಕೆಲಸ ಕಾರವಾರದಲ್ಲಿ, ಮನೆ ಶಿರಸಿ ಹತ್ತಿರ. ವಾರಕ್ಕೊಮ್ಮೆ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಮನೆಗೆ ಹೋಗುತ್ತೇನೆ.

ತೊಂದರೆ ಹೀಗಿದೆ. ನಿಂತಲ್ಲಿ ಎಂಜಿನ್ ನಡುಗುತ್ತದೆ. ಎಸಿ ಹಾಕಿದರೆ ಸ್ಟೇರಿಂಗ್‌ವರೆಗೂ ಗೊತ್ತಾಗುತ್ತದೆ. ಘಟ್ಟದಲ್ಲಿ ಮೊದಲು ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವುಗಳಿಗೆ ಈಗ ಎರಡನೆಯದು ಬೇಕು. ಆಯಿಲ್ ಕೂಡ ಕುಡಿಯುತ್ತಿದೆ. ಒಂದು ಸರ್ವೀಸಿನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಲೀಟರ್ ಹತ್ತಿರ ಟಾಪ್ ಅಪ್ ಮಾಡಬೇಕು. ಹೊಗೆ ಕಣ್ಣಿಗೆ ಕಾಣುವಷ್ಟಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಬಂದು ಹೋಗುತ್ತದೆ.

ಗ್ಯಾರೇಜಿನವರು ಒಂದು ಪ್ಯಾಕೇಜ್ ಹೇಳಿದ್ದಾರೆ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನರ್, ಜೊತೆಗೆ ಮೆಷಿನ್ ಇಟ್ಟು ಡೀಕಾರ್ಬ್, ಅಂದರೆ ಒಳಗಿನ ಕಾರ್ಬನ್ ತೆಗೆಯುವುದು. ಎಲ್ಲ ಸೇರಿ ಬರುವ ಬಿಲ್ಲಿಗೆ ಎರಡು ಹೊಸ ಟೈರ್ ಬರುತ್ತದೆ. ವಿಡಿಯೋಗಳಲ್ಲಿ ನೋಡಿದರೆ ಎಲ್ಲರ ಗಾಡಿಯೂ ಹೊಸದಾಗಿದೆ. ಮನೆಯಲ್ಲಿ ಅಪ್ಪ, "ಹಳೇ ಎಂಜಿನ್ ಮುಟ್ಟಬೇಡ" ಅಂತಾರೆ. ಯಾರ ಮಾತು ಕೇಳಲಿ?

ಬೈತಖೋಲ ಬಂದರು

ಬೇಡ ಮಾರಾಯ್ರೇ. ಹಳೇ ಎಂಜಿನ್ನಿನಲ್ಲಿ ಕಸವೇ ಸೀಲ್. ತೊಳೆದರೆ ಎಲ್ಲ ಕಡೆ ಸೋರಲು ಶುರು. ನಮ್ಮ ಮೀನಿನ ಗಾಡಿಗೆ ಇವತ್ತಿನವರೆಗೆ ಒಂದು ಬಾಟಲಿ ಹಾಕಿಲ್ಲ. ಆಯಿಲ್ ಬದಲಿಸು, ಓಡಿಸು. ಅಪ್ಪ ಹೇಳಿದ್ದು ಸರಿ ಇದೆ.

ಕೆಎ 47

ನಾನು ಟ್ಯಾಂಕಿಗೆ ಹಾಕುವ ಇಂಜೆಕ್ಟರ್ ಕ್ಲೀನರ್ ವರ್ಷಕ್ಕೊಮ್ಮೆ ಹಾಕುತ್ತೇನೆ. ಗಾಡಿ ಸ್ಮೂತ್ ಆಗುತ್ತದೆ. ಮೈಲೇಜ್ ಒಂದು ಕಿ.ಮೀ. ಜಾಸ್ತಿ ಬಂದ ಹಾಗೂ ಅನಿಸಿತ್ತು. ನಿಜವಾಗಿ ಬಂತೋ, ದುಡ್ಡು ಕೊಟ್ಟಿದ್ದಕ್ಕೆ ಹಾಗನಿಸಿತೋ ದೇವರಿಗೇ ಗೊತ್ತು. ಹಾಳಂತೂ ಆಗಿಲ್ಲ.

ಹದಿನಾಲ್ಕರ ಪಾನಾ, ಕುಮಟಾ

ಕುಮಟಾದಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜ್ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಕಾಳಿ ತೀರದವರೇ, ನಿಮಗೆ ಹೇಳಿದ ಮೂರು ಕೆಲಸಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಎಲ್ಲದಕ್ಕೂ "ಎಂಜಿನ್ ಕ್ಲೀನಿಂಗ್" ಅಂತ ಒಂದೇ ಹೆಸರು ಇಟ್ಟು ಮಾರುತ್ತಾರೆ ಅಷ್ಟೆ.

ಟ್ಯಾಂಕಿಗೆ ಹಾಕಿದ್ದು ಪೆಟ್ರೋಲ್ ಹೋಗುವ ದಾರಿಯಲ್ಲೇ ಹೋಗುತ್ತದೆ. ಪಂಪ್, ಇಂಜೆಕ್ಟರ್, ನಿಮ್ಮ ಗಾಡಿಯಲ್ಲಾದರೆ ಇನ್‌ಟೇಕ್ ವಾಲ್ವಿನ ಹಿಂಬದಿ, ಆಮೇಲೆ ಉರಿದು ಸೈಲೆನ್ಸರ್. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗೆ ಅದು ಹೋಗುವುದೇ ಇಲ್ಲ. ಫ್ಲಶ್ ಹಾಕುವುದು ಹಳೇ ಆಯಿಲ್ ತೆಗೆಯುವ ಮೊದಲು, ಆಯಿಲ್ ಮುಚ್ಚಳದಿಂದ. ಅದು ಆಯಿಲ್ ಹೋಗುವ ದಾರಿ ತೊಳೆಯುತ್ತದೆ, ಇಂಜೆಕ್ಟರಿಗೂ ಅದಕ್ಕೂ ಏನೂ ಇಲ್ಲ. ಮೂರನೆಯದು ಗಾಳಿಯ ದಾರಿ. ಥ್ರಾಟಲ್ ಬಾಡಿ ಬಿಚ್ಚಿ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸುವುದು ಅದಕ್ಕೆ ಮದ್ದು. ಹೋಗದ ಜಾಗವನ್ನು ಯಾವ ಬಾಟಲಿಯೂ ತೊಳೆಯುವುದಿಲ್ಲ. ನಿಮ್ಮದು ಯಾವ ದಾರಿ ಕಟ್ಟಿದೆ ಎಂದು ಯಾರೂ ಇನ್ನೂ ನೋಡಿಲ್ಲ, ಆಗಲೇ ಬಿಲ್ ರೆಡಿ.

ನಿಂತಲ್ಲಿ ನಡುಗುವುದಕ್ಕೆ ನನ್ನ ಮೊದಲ ಅನುಮಾನ ಥ್ರಾಟಲ್ ಬಾಡಿ, ಪ್ಲಗ್ ಮತ್ತು ಪ್ಲಗ್ ಗುಂಡಿಯಲ್ಲಿ ಆಯಿಲ್. ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಗಟ್ಟಿಯಾದರೆ ಆಯಿಲ್ ಇಳಿದು ಪ್ಲಗ್ ಗುಂಡಿಯಲ್ಲಿ ನಿಲ್ಲುತ್ತದೆ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲಿನ ರಬ್ಬರ್ ಮೆತ್ತಗಾಗುತ್ತದೆ, ಕರೆಂಟ್ ಲೀಕ್ ಆಗಿ ಮಿಸ್ಸಿಂಗ್ ಶುರುವಾಗುತ್ತದೆ. ಆಯಿಲ್ ಕುಡಿಯುವುದಕ್ಕೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕಿಗೆ ಬಿಡುವುದು), ವಾಲ್ವ್ ಸೀಲ್, ಇಲ್ಲವೇ ಪಿಸ್ಟನ್ನಿನ ಆಯಿಲ್ ರಿಂಗ್. ಬೆಳಿಗ್ಗೆ ಮಾತ್ರ ನೀಲಿ ಹೊಗೆ ಬಂದರೆ ರಾತ್ರಿ ವಾಲ್ವ್ ಸೀಲಿನಿಂದ ಇಳಿದಿರಬಹುದು.

ಮೊದಲು ನಾಲ್ಕೂ ಪ್ಲಗ್ ಬಿಚ್ಚಿಸಿ. ಪೇಪರ್ ಹಾಸಿ ಒಂದರಿಂದ ನಾಲ್ಕರವರೆಗೆ ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಸಾಲು ತಪ್ಪಿಸಬೇಡಿ. ಆಯಿಲ್ ಮುಚ್ಚಳದ ಒಳಬದಿಯ ಫೋಟೋ ಕೂಡ ಬೇಕು. ಎಂಜಿನ್ ಬಿಸಿ ಇದ್ದಾಗ ಸ್ಟಾರ್ಟಿನಲ್ಲೇ ಆ ಮುಚ್ಚಳ ತೆಗೆದು ಹೊಗೆ ದಬದಬ ಹೊರಗೆ ಬರುತ್ತದಾ ನೋಡಿ. ನಾವು ಬ್ಯಾಕ್ ಕಂಪ್ರೆಷನ್ ಅನ್ನುವುದು ಅದಕ್ಕೇ.

ಬೈತಖೋಲದವರೇ, ನೀವು ಹೇಳಿದ್ದು ಅರ್ಧ ಸರಿ. ಸೀಲ್ ಮೊದಲೇ ಹೋಗಿರುತ್ತದೆ. ಅದರ ಮೇಲೆ ಕೂತ ಕಸ ಹೋದ ಮೇಲೆ ಸೋರುವುದು ಕಣ್ಣಿಗೆ ಕಾಣುತ್ತದೆ. ಆದರೆ ಹಳೇ ಎಂಜಿನ್ನಿಗೆ ಫ್ಲಶ್ ಹಾಕಲು ನಾನು ಹಿಂದೆ ಮುಂದೆ ನೋಡುವುದು ಸೀಲಿಗಾಗಿ ಅಲ್ಲ, ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಳಗಿನ ಸ್ಟ್ರೈನರಿಗಾಗಿ, ಅಂದರೆ ಪಂಪ್ ಆಯಿಲ್ ಎಳೆಯುವ ಜಾಳಿಗಾಗಿ.

ಅಡಿಕೆ ತೋಟ, ಶಿರಸಿ

ಪಾನಾ ಅಣ್ಣ ಸ್ಟ್ರೈನರ್ ಅಂದರು, ನಮ್ಮ ಕಥೆ ಹೇಳಿಬಿಡುತ್ತೇನೆ.

ನಮ್ಮದು 1.3 ಲೀಟರ್ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್. ಮೊದಲಿನವರು ಆಯಿಲ್ ಬದಲಿಸುವುದರಲ್ಲಿ ಭಾರೀ ಜಿಪುಣರು ಅಂತ ಆಮೇಲೆ ತಿಳಿಯಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಸರ್ವೀಸಿಗೆ ಬಿಟ್ಟಾಗ ಅವರೇ ಫ್ಲಶ್ ಹಾಕಿದರು. ನಮ್ಮನ್ನು ಕೇಳಲಿಲ್ಲ, ಬಿಲ್ಲಿನಲ್ಲಿ ನೋಡಿದಾಗಲೇ ಗೊತ್ತಾಗಿದ್ದು. ಗಾಡಿ ನಾಲ್ಕು ದಿನ ಚೆನ್ನಾಗೇ ಓಡಿತು. ಅಂಕೋಲಾದಿಂದ ಯಲ್ಲಾಪುರಕ್ಕೆ ಬರುವಾಗ ಅರಬೈಲ್ ಘಟ್ಟದ ಒಂದು ತಿರುವಿನಲ್ಲಿ ಕೆಂಪು ಆಯಿಲ್ ಲೈಟ್ ಪಕ್ ಅಂತ ಹತ್ತಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ. ಭಾವ ಪಕ್ಕದಲ್ಲಿದ್ದ. "ಆಯಿಲ್ ಕಮ್ಮಿ ಇರಬೇಕು, ಮೇಲೆ ಹೋಗಿ ಹಾಕೋಣ" ಅಂದ. ನಾನು ಅಲ್ಲೇ ಆಫ್ ಮಾಡಿದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಫುಲ್.

ಎಳೆಸಿಕೊಂಡು ಹೋಗಿ ಯಲ್ಲಾಪುರದಲ್ಲಿ ಚೇಂಬರ್ ಇಳಿಸಿದರು. ಸ್ಟ್ರೈನರ್ ಜಾಳಿ ಅಂಗೈಗಿಂತ ಚಿಕ್ಕದು. ಅದರ ಮೇಲೆ ಕರೀ ಚಕ್ಕೆಗಳು ಪದರ ಪದರವಾಗಿ ಕೂತಿದ್ದವು. ಉಗುರಿನಲ್ಲಿ ಕೆರೆದರೆ ಏಳುತ್ತಿತ್ತು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಜಾಳಿಯ ಕಣ್ಣು ಕಾಲು ಭಾಗವೂ ತೆರೆದಿರಲಿಲ್ಲ. ಎಂಜಿನ್ ಉಳಿಯಿತು. ಟರ್ಬೊ ಶಾಫ್ಟ್ ಮಾತ್ರ ಆಡಲು ಶುರುವಾಗಿತ್ತು, ಅದರ ಕೋರ್ ಬದಲಿಸಬೇಕಾಯಿತು.

ಆ ಚಕ್ಕೆ ವರ್ಷಗಟ್ಟಲೆ ಎಂಜಿನ್ ಗೋಡೆಗೆ ಅಂಟಿಕೊಂಡು ಸುಮ್ನೆ ಕೂತಿತ್ತು. ಫ್ಲಶ್ ಅದನ್ನು ಕರಗಿಸಲಿಲ್ಲ, ಎಬ್ಬಿಸಿತು.

ಹದಿನಾಲ್ಕರ ಪಾನಾ, ಕುಮಟಾ

ಆಫ್ ಮಾಡಿದ್ದು ಬಹಳ ಒಳ್ಳೆಯದಾಯಿತು. ಎಲ್ಲರೂ ಗಮನಿಸಿ. ಕೆಂಪು ಲೈಟ್ ಹೇಳುವುದು ಆಯಿಲ್ ಎಷ್ಟಿದೆ ಎಂದಲ್ಲ, ಪ್ರೆಷರ್ ಇದೆಯೋ ಇಲ್ಲವೋ ಎಂದು. ಅದು ಹತ್ತಿದ ಮೇಲೆ "ಘಟ್ಟ ಮುಗಿಯಲಿ" ಎಂದು ಓಡಿಸಿದವರ ಗಾಡಿ ನನ್ನ ಗ್ಯಾರೇಜಿಗೆ ಲಾರಿ ಮೇಲೆ ಬರುತ್ತದೆ. ಟರ್ಬೊ ಮೊದಲು ಹೋಗುವುದು ಏಕೆಂದರೆ ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಆಧಾರ ಅಂತ ಇರುವುದು ಆಯಿಲಿನ ತೆಳು ಪದರ ಮಾತ್ರ.

ಹಾಗಂತ ಫ್ಲಶ್ ಅಂದರೆ ವಿಷ ಅಂತ ನಾನು ಹೇಳುವುದಿಲ್ಲ. ಮೊದಲಿನಿಂದ ಸರಿಯಾದ ಸಮಯಕ್ಕೆ ಆಯಿಲ್ ಬದಲಿಸಿದ ಗಾಡಿಗೆ ಹಾಕಿದರೆ ಏನೂ ಆಗುವುದಿಲ್ಲ. ಅಂಥ ಗಾಡಿಗೆ ಅದರ ಅಗತ್ಯವೂ ಇಲ್ಲ ಅನ್ನುವುದು ಬೇರೆ ಮಾತು. ಇತಿಹಾಸ ಗೊತ್ತಿಲ್ಲದ, ಲಕ್ಷ ದಾಟಿದ ಗಾಡಿಗಾದರೆ ಮೊದಲು ಚೇಂಬರ್ ಇಳಿಸಿ ನೋಡಬೇಕು. ಇಳಿಸಿದ ಮೇಲೆ ಸ್ಟ್ರೈನರ್ ಕೈಯಲ್ಲೇ ತೊಳೆಯಬಹುದು, ಚೇಂಬರ್ ತಳ ಕೆರೆದು ಒರೆಸಬಹುದು. ಅಷ್ಟಾದ ಮೇಲೆ ಫ್ಲಶ್ ಯಾಕೆ?

ಹಾಕಲೇಬೇಕು ಅನ್ನುವವರು ಬಾಟಲಿ ಮೇಲೆ ಬರೆದಷ್ಟೇ ನಿಮಿಷ, ನಿಂತಲ್ಲೇ ಸ್ಟಾರ್ಟಿನಲ್ಲಿ ಇಡಬೇಕು. ಆಕ್ಸಲರೇಟರ್ ಒತ್ತಬಾರದು, ರೌಂಡ್ ಹೋಗಬಾರದು. ಆಮೇಲೆ ಬಿಸಿ ಇರುವಾಗಲೇ ಪೂರ್ತಿ ಇಳಿಸಿ ಹೊಸ ಫಿಲ್ಟರ್ ಹಾಕಬೇಕು. ಹಳೇ ಫಿಲ್ಟರ್ ಬಿಟ್ಟು ಆಯಿಲ್ ಮಾತ್ರ ಬದಲಿಸುವವರನ್ನೂ ನೋಡಿದ್ದೇನೆ.

ಮಾಜಾಳಿ ಗಡಿ

ನಮ್ಮ ಅಜ್ಜನ ಕಾಲದಿಂದ ಸೀಮೆಎಣ್ಣೆ ಹಾಕಿ ತೊಳೆಯುತ್ತಿದ್ದರು. ಅರ್ಧ ಲೀಟರ್ ಹಾಕಿ ಐದು ನಿಮಿಷ ಓಡಿಸಿದರೆ ಎಂಜಿನ್ ಫಳಫಳ. ಈಗ ಅದನ್ನೇ ಬಣ್ಣದ ಬಾಟಲಿಯಲ್ಲಿ ತುಂಬಿ ಮಾರುತ್ತಿದ್ದಾರೆ. ಏನು ವ್ಯತ್ಯಾಸ?

ಹದಿನಾಲ್ಕರ ಪಾನಾ, ಕುಮಟಾ

ನಾನೂ ಗುರುಗಳ ಹತ್ತಿರ ಕೆಲಸ ಕಲಿಯುವಾಗ ಅಂಬಾಸಿಡರಿಗೆ ಹಾಕುವುದನ್ನು ನೋಡಿದ್ದೇನೆ. ಆ ಎಂಜಿನ್ನಿನಲ್ಲಿ ಸಂದುಗಳು ದೊಡ್ಡವು, ಆಗಿನ ಆಯಿಲ್ಲೂ ಬೇರೆ. ಸೀಮೆಎಣ್ಣೆಗೆ ಜಾರಿಸುವ ಗುಣ ಇಲ್ಲ. ಬೇರಿಂಗಿನ ಮೇಲಿನ ಪದರವನ್ನೇ ತೆಳು ಮಾಡುತ್ತದೆ. ಎಷ್ಟು ಇಳಿಸಿದರೂ ಒಳಗಿನ ತೂತುಗಳಲ್ಲಿ ಉಳಿದು ಹೊಸ ಆಯಿಲನ್ನೂ ನೀರು ಮಾಡುತ್ತದೆ. ಈಗಿನ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಟೆನ್ಷನರ್ ಕೂಡ ಎಷ್ಟೋ ಗಾಡಿಗಳಲ್ಲಿ ಆಯಿಲ್ ಪ್ರೆಷರಿನಿಂದಲೇ ನಿಲ್ಲುತ್ತದೆ. ಬಾಟಲಿಯ ಫ್ಲಶ್‌ನಲ್ಲೂ ಸಾಲ್ವೆಂಟ್ ಇರುತ್ತದೆ, ಒಪ್ಪುತ್ತೇನೆ. ಅದರ ಜೊತೆ ಡಿಟರ್ಜೆಂಟ್ ಕೂಡ ಸೇರಿಸಿರುತ್ತಾರೆ. ಅಜ್ಜನ ಗಾಡಿಗೆ ಅಜ್ಜನ ಮದ್ದು ಇರಲಿ.

ಮಾಜಾಳಿ ಗಡಿ

ನಮ್ಮ ಅಜ್ಜನ ಗಾಡಿ ಈಗಲೂ ಓಡುತ್ತದೆ. ನಿಮ್ಮ ಹೊಸ ಗಾಡಿಗಳು ಘಟ್ಟದಲ್ಲಿ ನಿಲ್ಲುತ್ತವೆ. ಇರಲಿ ಬಿಡಿ.

ಹೊನ್ನಾವರ ಮೇಷ್ಟ್ರು

ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಟ್ಯಾಂಕಿಗೆ ಹಾಕುವ ಬಾಟಲಿ ಬಗ್ಗೆ ಎರಡು ಮಾತು.

ಅಂಗಡಿಯಲ್ಲಿ 300 ರೂಪಾಯಿಯಿಂದ 700 ರೂಪಾಯಿವರೆಗೆ ಸಿಗುವ ಬಾಟಲಿಗಳಲ್ಲಿ ಬಹುಪಾಲು ದ್ರವ ಸೀಮೆಎಣ್ಣೆಯ ಜಾತಿಯದೇ. ಕೆಲಸ ಮಾಡುವುದು ಅದರೊಳಗಿನ ಡಿಟರ್ಜೆಂಟ್. ಪಿಇಎ ಅಂದರೆ ಪಾಲಿಈಥರ್‌ಅಮೀನ್ ಇದ್ದರೆ ಒಳ್ಳೆಯದು. ಅದು ಸಿಲಿಂಡರಿನೊಳಗಿನ ಬಿಸಿಗೂ ತಡೆಯುತ್ತದೆ, ಇಂಜೆಕ್ಟರ್, ವಾಲ್ವ್ ಜೊತೆಗೆ ಪಿಸ್ಟನ್ ತಲೆಯ ಕಾರ್ಬನ್ನನ್ನೂ ಸ್ವಲ್ಪ ಸ್ವಲ್ಪ ಬಿಡಿಸುತ್ತದೆ. ಪಾಲಿಐಸೊಬ್ಯುಟಿಲೀನ್ ಅಮೀನ್ ಇನ್ನೊಂದು ಜಾತಿ. ವಾಲ್ವಿಗೆ ಅದು ಸಾಕು. ಆದರೆ ಸಿಲಿಂಡರಿನೊಳಗೆ ತಾನೇ ಸ್ವಲ್ಪ ಕಸ ಉಳಿಸಬಹುದು. ಹೆಸರೇ ಬರೆಯದೆ "ಮ್ಯಾಜಿಕ್ ಫಾರ್ಮುಲಾ" ಎಂದು ಮಾತ್ರ ಇದ್ದರೆ ನಾನಂತೂ ಕೊಳ್ಳುವುದಿಲ್ಲ.

ಇದೇನು ಹೊಸ ವಿಷಯವಲ್ಲ. ಪೆಟ್ರೋಲಿಗೆ ಇಷ್ಟಾದರೂ ಡಿಟರ್ಜೆಂಟ್ ಇರಲೇಬೇಕು ಎಂದು ಅಮೆರಿಕದಲ್ಲಿ 1995ರಿಂದ ನಿಯಮವಿದೆ. ಅದು ಸಾಲದು ಎಂದು 2004ರಲ್ಲಿ ಬಿಎಂಡಬ್ಲ್ಯೂ, ಜನರಲ್ ಮೋಟರ್ಸ್, ಹೋಂಡಾ, ಟೊಯೊಟಾ ಸೇರಿ ಟಾಪ್ ಟಿಯರ್ ಎಂಬ ಇನ್ನೂ ಬಿಗಿಯಾದ ಮಾನದಂಡ ಮಾಡಿದವು. ಅಂದರೆ ಡಿಟರ್ಜೆಂಟ್ ಕೆಲಸ ಮಾಡುತ್ತದೆ ಎಂಬುದರಲ್ಲಿ ಗಾಡಿ ಮಾಡುವವರಿಗೇ ಅನುಮಾನ ಇಲ್ಲ. ಹೋದ ರಿಂಗು, ಸವೆದ ಬೋರ್ ಸರಿ ಮಾಡುತ್ತದೆ ಎಂದು ಮಾತ್ರ ಯಾರೂ ಹೇಳಿಲ್ಲ.

ಇನ್ನೊಂದು. "ಆಕ್ಟೇನ್ ಬೂಸ್ಟರ್" ಬೇರೆ, ಕ್ಲೀನರ್ ಬೇರೆ. ಕೆಲವು ಬೂಸ್ಟರ್‌ಗಳಲ್ಲಿ ಕಬ್ಬಿಣದ ಅಥವಾ ಮ್ಯಾಂಗನೀಸಿನ ಸಂಯುಕ್ತ ಇರುತ್ತದೆ. ಪ್ಲಗ್ ತುದಿಗೆ ಇಟ್ಟಿಗೆ ಬಣ್ಣ ಬರುತ್ತದೆ, ಕ್ಯಾಟಲಿಟಿಕ್ ಕನ್ವರ್ಟರಿಗೂ ಒಳ್ಳೆಯದಲ್ಲ. ಹತ್ತಿರ ಹತ್ತಿರ ಇಟ್ಟು ಮಾರುತ್ತಾರೆ, ನೋಡಿ ತಗೊಳ್ಳಿ.

ಕಾಳಿ ತೀರದವ, ಕಾರವಾರ

ಮೇಷ್ಟ್ರೇ, ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಮೈಲೇಜ್ ಇಳಿದಿದೆ. ಕ್ಲೀನರ್ ಹಾಕಿದರೆ ವಾಪಸ್ ಬರುತ್ತದಾ? ನಾವೆಲ್ಲ ಗಡಿ ದಾಟಿ ಪೋಳೆಂನಲ್ಲಿ ಹಾಕಿಸುವವರು. ಗೋವಾ ಪೆಟ್ರೋಲಿನಲ್ಲಿ ಏನಾದರೂ ಬೇರೆ ಇದೆಯಾ?

ಬೈತಖೋಲ ಬಂದರು

ಗೋವಾ ಪೆಟ್ರೋಲಿನಲ್ಲಿ ಇರುವುದು ಕಮ್ಮಿ ಟ್ಯಾಕ್ಸ್. 😄

ಹೊನ್ನಾವರ ಮೇಷ್ಟ್ರು

ಅವರು ಹೇಳಿದ್ದೇ ಸರಿ. ಗಡಿಯ ಆಚೆ ಈಚೆ ರೇಟಿನ ವ್ಯತ್ಯಾಸ ಟ್ಯಾಕ್ಸಿನದು.

ಇ20 ವಿಷಯಕ್ಕೆ ಬಂದರೆ, ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ನೂರಕ್ಕೆ 20 ಬೆರೆಸಿದರೆ ಒಟ್ಟು ಶಕ್ತಿ ಬರೀ ಪೆಟ್ರೋಲಿಗಿಂತ 6-7 ಶೇಕಡಾ ಇಳಿಯುತ್ತದೆ. ನೀವು ಮೊದಲು ಹಾಕಿಸುತ್ತಿದ್ದುದರಲ್ಲೂ 10ರವರೆಗೆ ಎಥನಾಲ್ ಇದ್ದಿರಬಹುದು. ಹಾಗಿದ್ದರೆ ಅದಕ್ಕೆ ಹೋಲಿಸಿದಾಗ ಇಳಿಕೆ ಅದರ ಅರ್ಧ. ಇದು ಲೆಕ್ಕದ ವಿಷಯ, ಕಸದ ವಿಷಯ ಅಲ್ಲ. ಯಾವ ಬಾಟಲಿಯೂ ಅದನ್ನು ತಿರುಗಿ ಕೊಡುವುದಿಲ್ಲ.

ನಿಮ್ಮ 2012ರ ಗಾಡಿಗೆ ನಾನು ಹೆದರುವುದು ಬೇರೆ ಎರಡಕ್ಕೆ. ಎಥನಾಲ್ ತಾನೇ ಒಂದು ಸಾಲ್ವೆಂಟ್. ಟ್ಯಾಂಕಿನ ತಳದ ಹಳೇ ಕೊಳೆ ಎದ್ದು ಫಿಲ್ಟರಿಗೆ ಬರುತ್ತದೆ, ಹಳೇ ರಬ್ಬರ್ ಪೈಪ್ ಉಬ್ಬಬಹುದು ಅಥವಾ ಬಿರಿಯಬಹುದು. ಎರಡನೆಯದು ನೀರು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿ ಮಳೆಗಾಲದಲ್ಲಿ ಕಾಲು ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದು ಬೇಡ. ನೀರು ಮಿತಿ ಮೀರಿದರೆ ಎಥನಾಲ್ ಸಮೇತ ತಳಕ್ಕೆ ಇಳಿದು ಬೇರೆಯೇ ನಿಲ್ಲುತ್ತದೆ. ಪಂಪ್ ಎಳೆಯುವುದು ತಳದಿಂದ ಅಲ್ವಾ.

ಯಲ್ಲಾಪುರ ಟ್ಯಾಕ್ಸಿ

ಡೀಸೆಲ್ ಗಾಡಿಯವರಿಗೂ ಸ್ವಲ್ಪ ಹೇಳಿ ಪಾನಾ ಅಣ್ಣ. ನನ್ನದು 2.5 ಲೀಟರ್ ಡೀಸೆಲ್, 3 ಲಕ್ಷ ದಾಟಿದೆ. ಘಟ್ಟದಲ್ಲಿ ಕರೀ ಹೊಗೆ, ಬೆಳಿಗ್ಗೆ ಕಟ ಕಟ ಸೌಂಡ್. ಡೀಸೆಲ್ ಕ್ಲೀನರ್ ಹಾಕಿದರೆ ನಾಝಲ್ ಕೆಲಸ ಮುಂದಕ್ಕೆ ಹೋಗುತ್ತದಾ?

ಹದಿನಾಲ್ಕರ ಪಾನಾ, ಕುಮಟಾ

ನಾಝಲ್ ತುದಿಗೆ ಕಾರ್ಬನ್ ಕಟ್ಟಿದ್ದರೆ ಕ್ಲೀನರ್ ಸ್ವಲ್ಪ ಸಹಾಯ ಮಾಡುತ್ತದೆ. ನಾಝಲ್ ಸವೆದಿದ್ದರೆ ಏನೂ ಮಾಡುವುದಿಲ್ಲ. 3 ಲಕ್ಷಕ್ಕೆ ಸವೆತವೇ ಜಾಸ್ತಿ. ಮೊದಲು ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಎಂಜಿನ್ ಓಡಿಸಿದರೆ ಯಾವುದು ಜಾಸ್ತಿ ಡೀಸೆಲ್ ವಾಪಸ್ ಬಿಡುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಇದಕ್ಕೆ ದೊಡ್ಡ ಮೆಷಿನ್ ಬೇಡ.

ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕರಿ ಕಟ್ಟಿದೆಯಾ ಅದನ್ನೂ ನೋಡಿಸಿ. ಇದ್ದರೆ ಕೆಳಗಿನ ತಾಮ್ರದ ವಾಷರ್ ಲೀಕ್. ಉರಿದ ಗ್ಯಾಸ್ ಮೇಲೆ ಬಂದು ಆಯಿಲಿಗೆ ಸೇರಿ ಅದನ್ನು ಕಾಯಿಸಿ ಗಟ್ಟಿ ಮಾಡುತ್ತದೆ. ಕೊನೆಗೆ ಹೋಗಿ ಕೂರುವುದು ಅದೇ ಸ್ಟ್ರೈನರ್ ಮೇಲೆ. ವಾಷರ್ ಚಿಲ್ಲರೆ ದುಡ್ಡಿನದು.

ಕರೀ ಹೊಗೆಗೆ ಇಜಿಆರ್ ವಾಲ್ವ್ (ಉರಿದ ಹೊಗೆಯ ಒಂದು ಪಾಲನ್ನು ತಿರುಗಿ ಎಂಜಿನ್ನಿಗೆ ಬಿಡುವುದು) ಕೂಡ ಕಾರಣ ಇರಬಹುದು. ಅದರ ಒಳಗೆ ಬರುವುದು ಹೊಗೆ, ಡೀಸೆಲ್ ಅಲ್ಲ. ಹಾಗಾಗಿ ಟ್ಯಾಂಕಿನ ಬಾಟಲಿಗೆ ಅಲ್ಲಿ ಕೆಲಸ ಇಲ್ಲ, ಬಿಚ್ಚಿ ಕೆರೆಯಬೇಕು. ಮಳೆಗಾಲ ಶುರುವಾಗುವ ಮೊದಲು ಫಿಲ್ಟರಿನ ಬುಡದ ನೀರು ಬಿಡುವುದನ್ನು ಮರೆಯಬೇಡಿ. ಕಾಮನ್ ರೇಲ್ ಇಂಜೆಕ್ಟರಿಗೆ ನೀರಿನಷ್ಟು ದೊಡ್ಡ ಶತ್ರು ಇಲ್ಲ.

ದಾಂಡೇಲಿ 65

ನನ್ನದು ಹೊಸ ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್. ನಾನೂ ಹಾಕಬಹುದಾ?

ಹದಿನಾಲ್ಕರ ಪಾನಾ, ಕುಮಟಾ

ಇಂಜೆಕ್ಟರ್ ತುದಿಗೆ ಒಳ್ಳೆಯದು. ವಾಲ್ವಿಗೆ ಏನೂ ಇಲ್ಲ. ನಿಮ್ಮದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತದೆ, ವಾಲ್ವಿನ ಬೆನ್ನು ಒದ್ದೆಯೇ ಆಗುವುದಿಲ್ಲ. ಅಲ್ಲಿ ಕಾರ್ಬನ್ ಕಟ್ಟಿದರೆ ಹೊರದೇಶದಲ್ಲಿ ಅಖರೋಟಿನ ಚಿಪ್ಪಿನ ಪುಡಿ ಹೊಡೆದು ತೆಗೆಯುತ್ತಾರೆ. ನಮ್ಮಲ್ಲಿ ಗೇರುಬೀಜದ ಸಿಪ್ಪೆ ರಾಶಿ ಬಿದ್ದಿದೆ, ಆದರೆ ಅದರಲ್ಲಿ ಎಣ್ಣೆ ಇದೆ, ಆಗಲಿಕ್ಕಿಲ್ಲ!

ಕಾಳಿ ತೀರದವ, ಕಾರವಾರ

ಶನಿವಾರ ಬೇರೆ ಗ್ಯಾರೇಜಿನಲ್ಲಿ ಪ್ಲಗ್ ಬಿಚ್ಚಿಸಿದೆ. ಫೋಟೋ ಹಾಕಿದ್ದೇನೆ. ಒಂದು, ಎರಡು, ನಾಲ್ಕು ಸುಮಾರು ಕಂದು ಬಣ್ಣ, ಒಣಗಿವೆ. ಮೂರನೆಯದರ ತುದಿ ಕಪ್ಪು, ಜಿಡ್ಡು ಹೊಳೆಯುತ್ತಿದೆ. ಎರಡು ಮತ್ತು ಮೂರನೇ ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿತ್ತು. ಕಾಯಿಲ್ ಎಳೆದಾಗ ಅದರ ರಬ್ಬರಿನಿಂದ ತೊಟ್ಟಿಕ್ಕಿತು.

ಆಯಿಲ್ ಮುಚ್ಚಳದ ಒಳಗೆ ಕೆನೆ ಬಣ್ಣದ ಲೋಳೆ ಇದೆ, ತಂಬುಳಿ ಚೆಲ್ಲಿದ ಹಾಗೆ. ಗ್ಯಾರೇಜಿನ ಹುಡುಗ ಅದನ್ನು ನೋಡಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಪ್ಯಾಕಿಂಗ್) ಹೋಗಿದೆ ಅಂದ. ನಿದ್ದೆ ಬರಲಿಲ್ಲ.

ಹದಿನಾಲ್ಕರ ಪಾನಾ, ಕುಮಟಾ

ನಿದ್ದೆ ಮಾಡಿ. ಕಾರವಾರದಲ್ಲಿ ಮನೆಯಿಂದ ಆಫೀಸಿಗೆ ಎಷ್ಟು ದೂರ? ಎರಡು ಮೂರು ಕಿ.ಮೀ. ಇರಬೇಕು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಹೊರಗೆ ಜೋರು ಮಳೆ. ಒಳಗಿನ ನೀರಿನ ಆವಿ ತಣ್ಣಗಿನ ಮುಚ್ಚಳಕ್ಕೆ ಕೂತು ಆಯಿಲ್ ಜೊತೆ ಸೇರಿ ಹೀಗಾಗುತ್ತದೆ. ಜುಲೈ ತಿಂಗಳಲ್ಲಿ ಕರಾವಳಿಯ ಎಷ್ಟೋ ಗಾಡಿಗಳ ಮುಚ್ಚಳ ಹೀಗೇ ಇರುತ್ತದೆ. ಒರೆಸಿ. ಘಟ್ಟ ಹತ್ತಿ ಮನೆಗೆ ಹೋಗಿ ಬಂದ ಮೇಲೆ ಮತ್ತೆ ನೋಡಿ, ಕಮ್ಮಿ ಇರುತ್ತದೆ.

ಹೆಡ್ ಗ್ಯಾಸ್ಕೆಟ್ ಹೋದರೆ ಕೂಲಂಟ್ ಇಳಿಯಬೇಕು, ಡಿಪ್‌ಸ್ಟಿಕ್ಕಿನಲ್ಲಿರುವ ಆಯಿಲೇ ಬೆಳ್ಳಗಾಗಬೇಕು, ಬಿಸಿ ಏರಬೇಕು. ಕೂಲಂಟ್ ಬಾಟಲಿಗೆ ಒಂದು ಗೆರೆ ಎಳೆದು ಗಮನಿಸಿ. ಮುಚ್ಚಳ ಒಂದನ್ನೇ ನೋಡಿ ಹೆಡ್ ಇಳಿಸಲು ಹೇಳುವವರಿಂದ ದೂರ ಇರಿ. ಈ ಲೋಳೆ ತೊಳೆಯಲು ಫ್ಲಶ್ ಮಾರುವವರೂ ಇದ್ದಾರೆ. ಬೇಡ.

ಈಗ ಮಾಡಬೇಕಾದದ್ದು ಇಷ್ಟು. ಟ್ಯಾಪೆಟ್ ಕವರ್ ಪ್ಯಾಕಿಂಗ್ ಮತ್ತು ಪ್ಲಗ್ ಗುಂಡಿ ಸೀಲ್ ಬದಲಿಸಿ. ನಾಲ್ಕೂ ಹೊಸ ಪ್ಲಗ್. ಪಿಸಿವಿ ವಾಲ್ವ್ ತೆಗೆದು ಅಲ್ಲಾಡಿಸಿ, ಒಳಗೆ ಟಕ ಟಕ ಸದ್ದು ಬರದಿದ್ದರೆ ಹೊಸದು ಹಾಕಿ. ಅದು ಅಂಟಿಕೊಂಡಿದ್ದರೆ ಇನ್‌ಟೇಕ್ ಕಡೆ ಆಯಿಲ್ ಎಳೆಯುತ್ತದೆ. ಥ್ರಾಟಲ್ ಬಾಡಿ ಬಿಚ್ಚಿ ಒರೆಸಿ. ಕೀ ಆನ್ ಇರುವಾಗ ಬೆರಳಿನಿಂದ ಅದರ ತಟ್ಟೆ ತಳ್ಳಬಾರದು, ಮೋಟರ್ ಗೇರ್ ಹೋಗುತ್ತದೆ. ಆಮೇಲೆ ಸ್ಕ್ಯಾನರಿನಲ್ಲಿ ಐಡಲ್ ರೀಸೆಟ್. ಇವತ್ತೇ ಬಾಟಲಿ ಹಾಕಿಬಿಟ್ಟರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ, ಸ್ವಲ್ಪ ತಡೆಯಿರಿ.

ಮೂರನೇ ಸಿಲಿಂಡರಿಗೆ ಕಂಪ್ರೆಷನ್ ನೋಡಿಸಿ. ಒಣ ಒಮ್ಮೆ, ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ. ಆಯಿಲ್ ಬಿಟ್ಟಾಗ ಏರಿದರೆ ರಿಂಗ್. ಏರದಿದ್ದರೆ ವಾಲ್ವ್.

ಅಡಿಕೆ ತೋಟ, ಶಿರಸಿ

ತಮ್ಮಾ, ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತಿರು. ನಮ್ಮ ಹಾಗೆ ಬಿಲ್ಲಿನಲ್ಲಿ ಓದುವುದು ಬೇಡ.

ಕಾಳಿ ತೀರದವ, ಕಾರವಾರ

ಪಾನಾ ಅಣ್ಣ ಹೇಳಿದ್ದೆಲ್ಲ ಆಯಿತು. ಥ್ರಾಟಲ್ ಬಾಡಿ ಒಳಗೆ ಕರೀ ಉಂಗುರ ಕಟ್ಟಿತ್ತು. ಪಿಸಿವಿ ಸದ್ದೇ ಮಾಡಲಿಲ್ಲ, ಹೊಸದು ಹಾಕಿದೆವು. ನಡುಕ ನಿಂತಿದೆ. ಎಸಿ ಹಾಕಿದರೂ ಸ್ಟೇರಿಂಗ್ ಸುಮ್ಮನಿದೆ. ಇದಕ್ಕೆಲ್ಲ ಆದ ಖರ್ಚು ಆ ಪ್ಯಾಕೇಜಿನ ಅರ್ಧಕ್ಕಿಂತ ಕಮ್ಮಿ.

ಕಂಪ್ರೆಷನ್ ಉಳಿದ ಮೂರು ಸಿಲಿಂಡರಿನಲ್ಲಿ 12 ಬಾರ್ ಆಸುಪಾಸು, ಮೂರನೆಯದರಲ್ಲಿ 10. ಆಯಿಲ್ ಬಿಟ್ಟಾಗ 11.5ಕ್ಕೆ ಏರಿತು. ಅಂದರೆ ರಿಂಗ್ ಅಲ್ವಾ? ಎಂಜಿನ್ ಕೆಲಸ ಬಂತಾ?

ಹದಿನಾಲ್ಕರ ಪಾನಾ, ಕುಮಟಾ

ರಿಂಗ್ ಹೌದು. ಸವೆದಿದೆಯೋ, ಕಾರ್ಬನ್ ಕಟ್ಟಿ ಪಿಸ್ಟನ್ನಿನ ಸಂದಿಯಲ್ಲೇ ಅಂಟಿ ಕೂತಿದೆಯೋ ಬಿಚ್ಚದೆ ಹೇಳಲಾಗುವುದಿಲ್ಲ. ಅಂಟಿದ್ದರೆ ಒಂದು ಪ್ರಯತ್ನ ಮಾಡಬಹುದು. ಇಲ್ಲಿ ಕ್ಲೀನರಿಗೆ ನಿಜವಾದ ಕೆಲಸ ಇದೆ. ಪ್ಲಗ್ ತೆಗೆದು ಪಿಸ್ಟನ್ ತಲೆ ಮೇಲೆ ಕಾರ್ಬನ್ ಬಿಡಿಸುವ ದ್ರವ ಸ್ವಲ್ಪ ಹಾಕಿ ರಾತ್ರಿ ಬಿಡುವುದು. ಬೆಳಿಗ್ಗೆ ಪ್ಲಗ್ ಹಾಕದೆಯೇ, ತೂತಿಗೆ ಬಟ್ಟೆ ಮುಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಷನ್ ತೆಗೆದು ಸೆಲ್ಫ್ ಹೊಡೆಯಬೇಕು. ಪ್ಲಗ್ ಹಾಕಿ ಹೊಡೆದರೆ ಮೇಲೆ ನಿಂತ ದ್ರವ ಒತ್ತಿಕೊಳ್ಳದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಉಳಿದದ್ದು ಚೇಂಬರಿಗೆ ಇಳಿದಿರುತ್ತದೆ, ಹಾಗಾಗಿ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಟ್ಯಾಂಕಿಗೆ ಪಿಇಎ ಬಾಟಲಿ ಮುಂದಿನ ಆಯಿಲ್ ಬದಲಾವಣೆಗೆ ಸ್ವಲ್ಪ ಮೊದಲು ಹಾಕಿ. ಅದರಲ್ಲಿ ಒಂದಿಷ್ಟು ರಿಂಗ್ ದಾಟಿ ಆಯಿಲಿಗೆ ಸೇರುತ್ತದೆ, ಅದಕ್ಕೇ. ಬಾಟಲಿ ಮೊದಲು, ಪೆಟ್ರೋಲ್ ಆಮೇಲೆ, ಆಗ ಚೆನ್ನಾಗಿ ಬೆರೆಯುತ್ತದೆ. ಬಾಟಲಿ ಎಷ್ಟು ಲೀಟರಿಗೆ ಎಂದು ಓದಿ. ಎರಡು ಹಾಕಿದರೆ ಎರಡು ಪಟ್ಟು ಕ್ಲೀನ್ ಆಗುವುದಿಲ್ಲ. ಆ ಟ್ಯಾಂಕ್ ಊರೊಳಗೆ ಓಡಿಸಿ ಮುಗಿಸಬೇಡಿ, ಹುಬ್ಬಳ್ಳಿ ಕಡೆ ಏನಾದರೂ ಕೆಲಸ ಇಟ್ಟುಕೊಳ್ಳಿ.

ಆಯಿಲ್ ಮ್ಯಾನುಯಲ್ಲಿನಲ್ಲಿ ಇದ್ದ ಗ್ರೇಡೇ ಹಾಕಿ. ಆಯಿಲ್ ಕುಡಿಯುತ್ತದೆ ಎಂದು ದಪ್ಪಗಿನ 20ಡಬ್ಲ್ಯೂ-50 ಹಾಕುವುದು ಗಾಡಿ ಮಾರುವವರ ವಿದ್ಯೆ, ಸದ್ದು ಮುಚ್ಚುತ್ತದೆ ಅಷ್ಟೆ. ಮುಂದಿನ ಎರಡು ಮೂರು ಸಲ ಪುಸ್ತಕದಲ್ಲಿ ಬರೆದಷ್ಟು ಓಡಿಸದೆ 4-5 ಸಾವಿರಕ್ಕೇ ಬದಲಿಸಿ. ಒಳ್ಳೆ ಆಯಿಲಿನಲ್ಲೇ ಡಿಟರ್ಜೆಂಟ್ ಇದೆ. ನಿಧಾನವಾಗಿ, ಚಕ್ಕೆ ಏಳಿಸದೆ ಅದೇ ತೊಳೆಯುತ್ತದೆ. ಹೊಸ ಆಯಿಲ್ ಬೇಗ ಕಪ್ಪಾಯಿತು ಎಂದು ಗಾಬರಿ ಬೇಡ, ಕಸ ಹೊತ್ತಿದೆ ಎಂದರ್ಥ.

ಮಾಜಾಳಿ ಗಡಿ

ಆ ಡೀಕಾರ್ಬ್ ಮೆಷಿನ್ ಬಗ್ಗೆ ಯಾರೂ ಹೇಳಲಿಲ್ಲ?

ಹದಿನಾಲ್ಕರ ಪಾನಾ, ಕುಮಟಾ

ಹೈಡ್ರೋಜನ್ ಗ್ಯಾಸ್ ಬಿಡುವುದಾ? ಪ್ಲಗ್ ತೂತಿನಿಂದ ಕ್ಯಾಮರಾ ಇಳಿಸಿ ಮೊದಲು ಮತ್ತು ಆಮೇಲೆ ಪಿಸ್ಟನ್ ತೋರಿಸಿ ಎಂದು ಕೇಳಿ. ತೋರಿಸಿದರೆ ಮಾಡಿಸಿ. ನಾನು ನೋಡಿದ ಗಾಡಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕಾಳಿ ತೀರದವ, ಕಾರವಾರ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಪಿಸ್ಟನ್ ಸೋಕ್ ಮಾಡಿಸಿದೆ, ಆಯಿಲ್ ಬದಲಾಯಿತು, ಪಿಇಎ ಬಾಟಲಿ ಹಾಕಿ ಹುಬ್ಬಳ್ಳಿಗೂ ಹೋಗಿ ಬಂದೆ. ಮೂರನೇ ಸಿಲಿಂಡರ್ 10ರಿಂದ 11ಕ್ಕೆ ಬಂದಿದೆ. ಆಯಿಲ್ ಈಗಲೂ ಕುಡಿಯುತ್ತದೆ, ಆದರೆ ಮೊದಲಿನ ಅರ್ಧದಷ್ಟು. ದೇವಿಮನೆಯಲ್ಲಿ ಕೆಲವು ತಿರುವು ಮೂರನೇ ಗೇರಿನಲ್ಲಿ ಏರುತ್ತದೆ, ಎಲ್ಲವೂ ಅಲ್ಲ. ಬೆಳಗಿನ ನೀಲಿ ಹೊಗೆ ಹಾಗೇ ಇದೆ.

ಎಷ್ಟು ಕುಡಿದರೆ ಎಂಜಿನ್ ಕೆಲಸ ಮಾಡಿಸಲೇಬೇಕು ಪಾನಾ ಅಣ್ಣ?

ಹದಿನಾಲ್ಕರ ಪಾನಾ, ಕುಮಟಾ

ಕೆಲವು ಕಂಪನಿಗಳು 1000 ಕಿ.ಮೀ.ಗೆ ಒಂದು ಲೀಟರ್ ಆದರೂ ಪರವಾಗಿಲ್ಲ ಎಂದು ಪುಸ್ತಕದಲ್ಲೇ ಬರೆಯುತ್ತವೆ. ನಾನು ಅಷ್ಟರವರೆಗೆ ಕಾಯಲು ಹೇಳುವುದಿಲ್ಲ. ನಿಮ್ಮ ಈಗಿನ ಲೆಕ್ಕಕ್ಕೆ ಎಂಜಿನ್ ಬಿಚ್ಚುವುದು ದಂಡ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಡಿಕ್ಕಿಯಲ್ಲಿ ಒಂದು ಲೀಟರ್ ಇಟ್ಟುಕೊಳ್ಳಿ. ಪ್ಲಗ್ ಮತ್ತೆ ಜಿಡ್ಡಾಗಲು ಶುರುವಾದರೆ, ದಾರಿಯಲ್ಲಿ ಹಿಂದಿನವರಿಗೆ ಹೊಗೆ ಕಾಣಲು ಶುರುವಾದರೆ ಆಗ ಮಾತಾಡೋಣ.

ಬೆಳಗಿನ ಹೊಗೆ ವಾಲ್ವ್ ಸೀಲಿನದು. ಅದಕ್ಕೆ ಬಾಟಲಿ ಇಲ್ಲ. ಹೆಡ್ ಇಳಿಸದೆಯೂ ಬದಲಿಸಬಹುದು, ಒಂದು ದಿನದ ಕೆಲಸ. ತರುವುದಾದರೆ ಚೌತಿಗಿಂತ ಮೊದಲು ತನ್ನಿ. ಚೌತಿ ವಾರ ಗ್ಯಾರೇಜ್ ಬಂದ್, ಹುಡುಗರೆಲ್ಲ ಊರಿಗೆ ಹೋಗುತ್ತಾರೆ.